ಘಟ್ಟ ಏರುವಾಗ ಬೈಕಿನ ಇಂಜಿನ್ ಕಾಯುತ್ತದೆಯೇ? ದೋಷ ಹುಡುಕುವ ಬಗೆ

ಉತ್ತರ ಕನ್ನಡದ ಕುಮಟಾದಿಂದ ಶಿರಸಿಗೆ ಹೊರಟು, ಕತಗಾಲ ದಾಟಿ ದೇವಿಮನೆ ಘಟ್ಟದ ತಿರುವುಗಳು ಶುರುವಾದ ಮೇಲೆ ಮೀಟರಿನಲ್ಲಿ ಬಿಸಿಯ ಗೆರೆಗಳು ಒಂದೊಂದಾಗಿ ಏರತೊಡಗುತ್ತವೆ. ಮುಂದೆ ಜಲ್ಲಿ ತುಂಬಿದ ಟಿಪ್ಪರ್, ಅದನ್ನು ದಾಟಲು ಜಾಗವಿಲ್ಲ, ಹಿಂದಿನ ಸೀಟಿನಲ್ಲಿ ಒಬ್ಬರು, ಅಕ್ಕಪಕ್ಕಕ್ಕೆ ಎರಡು ಚೀಲ. ದೇವಸ್ಥಾನ ಬರುವ ಮೊದಲೇ ಕೆಂಪು ದೀಪ. ಕರಾವಳಿಯಿಂದ ಶಿರಸಿ, ಯಲ್ಲಾಪುರದ ಕಡೆ ದೊಡ್ಡ ಬೈಕ್ ಓಡಿಸುವವರಲ್ಲಿ ಇದನ್ನು ಕಾಣದವರು ಕಡಿಮೆ.

ಆಮೇಲೆ ಗ್ಯಾರೇಜಿನಲ್ಲಿ ನಡೆಯುವುದೂ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಬದಲಾಗುತ್ತದೆ. ಸರಿಹೋಗಲಿಲ್ಲವೆಂದರೆ ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ. ಅದೂ ಆಗದಿದ್ದರೆ ಫ್ಯಾನು, ಮತ್ತೆ ಕೂಲಂಟ್ ಸುತ್ತಿಸುವ ವಾಟರ್ ಪಂಪು. ಒಂದೊಂದು ಬಿಡಿಭಾಗವೂ ಹುಬ್ಬಳ್ಳಿಯಿಂದ ಬರುವ ತನಕ ಗಾಡಿ ಅಲ್ಲೇ ನಿಂತಿರುತ್ತದೆ, ದುಡ್ಡು ಹೋಗುತ್ತದೆ, ಮುಂದಿನ ಸಲ ಅದೇ ತಿರುವಿನಲ್ಲಿ ಅದೇ ದೀಪ. ‘ಹೀಟ್ ಆಗ್ತದೆ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಆದರೂ ಏನು ಮಾಡಿಯಾರು? ಯಾವಾಗ ಹೀಟ್ ಆಗುತ್ತದೆ ಎಂಬುದರಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಸ್ಪ್ಯಾನರ್ ಹಿಡಿಯುವ ಮೊದಲು ಆ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡರೆ ಅರ್ಧದಷ್ಟು ಬಿಡಿಭಾಗಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ರೇಡಿಯೇಟರ್ (ಕೂಲಂಟನ್ನು ಗಾಳಿಗೆ ಒಡ್ಡಿ ತಣಿಸುವ ಭಾಗ) ಇರುವ, 300 ಸಿಸಿಯಿಂದ 450 ಸಿಸಿಯವರೆಗಿನ ಬೈಕುಗಳಿಗೆ. ಗಾಳಿಯಿಂದಲೇ ತಣಿಯುವ ಇಂಜಿನ್‌ಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ.

ಘಟ್ಟದಲ್ಲೇ ಏಕೆ?

ಕಾರವಾರದಿಂದ ಕುಮಟಾಕ್ಕೆ ಹೆದ್ದಾರಿ 66ರಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಇಂಜಿನ್ ಹುಟ್ಟಿಸುವ ಶಾಖ ಘಟ್ಟ ಏರುವಾಗಿನದಕ್ಕಿಂತ ಕಡಿಮೆಯೇನಲ್ಲ, ಎಷ್ಟೋ ಸಲ ಹೆಚ್ಚೇ. ಆದರೂ ಮೀಟರ್ ಅಲುಗುವುದಿಲ್ಲ. ಎದುರು ಗಾಳಿ ರೇಡಿಯೇಟರಿನೊಳಗೆ ನುಗ್ಗಿ ಆ ಶಾಖವನ್ನು ಹೊತ್ತೊಯ್ಯುತ್ತಿರುತ್ತದೆ. ಘಟ್ಟದಲ್ಲಿ ಲಾರಿಯ ಹಿಂದೆ 15 ಕಿಲೋಮೀಟರ್ ವೇಗದಲ್ಲಿ ಎರಡನೇ ಗೇರಿನಲ್ಲಿ ಹತ್ತುವಾಗ ಶಾಖ ಇದೆ, ಗಾಳಿ ಇಲ್ಲ. ಇರುವ ಗಾಳಿಯೂ ಲಾರಿಯ ಸೈಲೆನ್ಸರಿನಿಂದ ಬಂದ ಬಿಸಿ ಗಾಳಿ. ಏಪ್ರಿಲ್–ಮೇ ತಿಂಗಳ 35 ಡಿಗ್ರಿ ಬಿಸಿಲು ಅದರ ಮೇಲೆ. ಆಗ ಇಡೀ ಭಾರ ಅಂಗೈಯಷ್ಟಗಲದ ಒಂದು ಫ್ಯಾನಿನ ಮೇಲೆ ಬೀಳುತ್ತದೆ.

‘ಘಟ್ಟದ ಮೇಲೆ ಗಾಳಿ ತೆಳು, ಅದಕ್ಕೇ ಹೀಟ್ ಆಗ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪಲಾಗದು. ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 100ರ ಬದಲು 98 ಡಿಗ್ರಿಗೆ ಕುದಿಯುತ್ತದೆ, ಅಷ್ಟೇ ವ್ಯತ್ಯಾಸ. ಲಡಾಖಿನ ನೆಪ ಶಿರಸಿಗೆ ಹೊಂದುವುದಿಲ್ಲ.

ಹಿಮದ ಬೆಟ್ಟಗಳಲ್ಲಿ ಓಡಿಸುವ ದೊಡ್ಡ ಸ್ನೋಮೊಬೈಲ್‌ಗಳ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 150 ಅಶ್ವಶಕ್ತಿ ಮೀರುವ ಆ ಇಂಜಿನ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ನಮ್ಮ ಬೈಕಿನಂಥ ರೇಡಿಯೇಟರೇ ಇರುವುದಿಲ್ಲ. ಸೀಟಿನ ಕೆಳಗಿನ ಸುರಂಗದಂಥ ಜಾಗಕ್ಕೆ ಕೂಲಂಟ್ ಕೊಳವೆಗಳನ್ನು ಹಾಸಿರುತ್ತಾರೆ, ಓಡುವ ಪಟ್ಟಿ ಚಿಮ್ಮಿಸಿದ ಹಿಮ ಅದಕ್ಕೆ ಬಡಿದು ತಣಿಸುತ್ತದೆ. ಮೆತ್ತನೆಯ ಹಿಮದಲ್ಲಿ ಎಷ್ಟೇ ದುಡಿಸಿದರೂ ತೊಂದರೆಯಿಲ್ಲ. ಗಟ್ಟಿಯಾಗಿ ಮಂಜುಗಡ್ಡೆ ಕಟ್ಟಿದ ದಾರಿಗೆ ಬಂದರೆ ಚಿಮ್ಮಲು ಪುಡಿ ಹಿಮವಿಲ್ಲದೆ, ಕೊರೆಯುವ ಚಳಿಯಲ್ಲೂ ಇಂಜಿನ್ ಕಾಯುತ್ತದೆ. ಹೊರಗಿನ ತಾಪ ಎಷ್ಟಿದೆ ಎಂಬುದಕ್ಕಿಂತ ಶಾಖವನ್ನು ಒಯ್ಯುವ ವಸ್ತು ಅದರ ಬಳಿ ತಲುಪುತ್ತಿದೆಯೇ ಎಂಬುದು ಮುಖ್ಯ. ಅವರಿಗೆ ಹಿಮ, ನಮಗೆ ಗಾಳಿ.

ಕೆಂಪು ದೀಪ ಹೊತ್ತಿದಾಗ

ದೋಷ ಹುಡುಕುವುದು ಆಮೇಲಿನ ಮಾತು. ಮೊದಲು ಜೀವ, ನಂತರ ಇಂಜಿನ್.

ಗೆರೆ ಏರುತ್ತಿದೆ, ದೀಪ ಇನ್ನೂ ಬಂದಿಲ್ಲ ಎಂದಾದರೆ ತಕ್ಷಣ ಎಲ್ಲೆಂದರಲ್ಲಿ ನಿಲ್ಲಬೇಡಿ. ಲಾರಿಯಿಂದ ಹಿಂದೆ ಸರಿದು ಅಂತರ ಬಿಡಿ, ಕ್ಲಚ್ಚಿನಿಂದ ಕೈ ತೆಗೆಯಿರಿ, ಸರಿಯಾದ ಜಾಗ ಸಿಗುವವರೆಗೆ ಮೆಲ್ಲಗೆ ಹೋಗಿ. ತಿರುವಿನ ಒಳಬದಿ ನಿಲ್ಲುವ ಜಾಗವೇ ಅಲ್ಲ. ಇಳಿಯುವ ಬಸ್ಸು, ಟ್ಯಾಂಕರುಗಳು ಅಲ್ಲೇ ಕತ್ತರಿಸಿಕೊಂಡು ಬರುತ್ತವೆ. ಅರಬೈಲ್ ಘಟ್ಟದಲ್ಲಂತೂ ಹಗಲು ರಾತ್ರಿ ಭಾರೀ ವಾಹನಗಳು. ಎರಡೂ ಕಡೆಯಿಂದ ಕನಿಷ್ಠ 50 ಮೀಟರ್ ದೂರಕ್ಕೆ ಕಾಣುವ ನೇರ ಜಾಗ, ರಸ್ತೆಯ ಅಂಚಿನಿಂದ ಪೂರ್ತಿ ಹೊರಗೆ ಸರಿಯಬಹುದಾದ ಗಟ್ಟಿ ಮಣ್ಣು ಬೇಕು. ಹಿಂದೆ ಕೂತವರನ್ನು ಮೊದಲು ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ.

ಮಳೆಗಾಲವಾದರೆ ಇನ್ನೊಂದು ಮಾತು. ಕಡಿದ ಗುಡ್ಡದ ಬುಡದಲ್ಲಿ ನಿಲ್ಲಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದಾಗ ಚಹಾದಂಗಡಿಯೂ ಅಲ್ಲಿ ನಿಂತಿದ್ದ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ಇಂಜಿನ್ ಸುಟ್ಟರೂ ಅಡ್ಡಿಯಿಲ್ಲ, ಸುರಿವ ಮಳೆಯಲ್ಲಿ ಹಸಿ ಮಣ್ಣಿನ ಗೋಡೆಯ ಕೆಳಗೆ ನಿಲ್ಲುವುದಕ್ಕಿಂತ ಇನ್ನೊಂದು ತಿರುವು ಮುಂದೆ ಹೋಗುವುದು ಮೇಲು. ಇಂಜಿನ್‌ಗೆ ಬೆಲೆ ಕಟ್ಟಬಹುದು.

ನಿಂತ ಮೇಲೆ ಹೊಗೆಯೋ ಹಬೆಯೋ ಬರುತ್ತಿದ್ದರೆ, ಕೆಂಪು ದೀಪ ಆರದೇ ಇದ್ದರೆ, ಕೂಡಲೇ ಇಂಜಿನ್ ನಿಲ್ಲಿಸಿ. ಆದರೆ ಕೀಲಿ ಆಫ್ ಮಾಡದೆ, ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ ಬಳಸಿ. ಎಷ್ಟೋ ಬೈಕುಗಳಲ್ಲಿ ಕೀಲಿ ಆನ್ ಇದ್ದರೆ ಇಂಜಿನ್ ನಿಂತಮೇಲೂ ಫ್ಯಾನು ತಿರುಗುತ್ತದೆ. ಫ್ಯಾನು ತಾನಾಗಿ ನಿಲ್ಲುವವರೆಗೆ ಬಿಡಿ, ಹೆಡ್‌ಲೈಟ್ ಉರಿಯುತ್ತಿರುವುದರಿಂದ ಬ್ಯಾಟರಿಯ ಮೇಲೂ ಒಂದು ಕಣ್ಣಿರಲಿ. ನಿಲ್ಲಿಸಿದ ಕೆಲವು ನಿಮಿಷ ಬಿಸಿ ಇನ್ನೂ ಸ್ವಲ್ಪ ಏರಿದಂತೆ ಕಂಡರೆ ಗಾಬರಿಯಾಗಬೇಡಿ. ಪಂಪು ನಿಂತಿರುವುದರಿಂದ ಸಿಲಿಂಡರಿನ ಶಾಖ ಅಲ್ಲಲ್ಲೇ ಇರುವ ನೀರಿಗೆ ಇಳಿಯುತ್ತದೆ, ಅದು ಸಹಜ. ಹಬೆ ಇಲ್ಲ, ದೀಪ ಈಗಷ್ಟೇ ಬಂದು ಆರಿತು, ಫ್ಯಾನು ಜೋರಾಗಿ ತಿರುಗುತ್ತಿದೆ ಎಂದಾದರೆ ಒಂದೆರಡು ನಿಮಿಷ ನಿಂತಲ್ಲೇ ಆಕ್ಸಿಲರೇಟರ್ ಕೊಡದೆ ಐಡಲ್‌ನಲ್ಲಿ ಓಡಿಸಿ ನಿಲ್ಲಿಸುವುದೇ ಒಳ್ಳೆಯದು. ನೀರು ಸುತ್ತುತ್ತಾ ಬೇಗ ತಣಿಯುತ್ತದೆ.

ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಒಳಗೆ ಕುಕ್ಕರಿನಂತೆ ಒತ್ತಡ ಇರುತ್ತದೆ. ಹೆಚ್ಚಿನ ಮುಚ್ಚಳಗಳ ಮೇಲೆ 1.1 ಬಾರ್ ಎಂದು ಬರೆದಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆಗೆಯುತ್ತೇನೆ ಎನ್ನುವವರೂ ಸುಟ್ಟುಕೊಳ್ಳುತ್ತಾರೆ. ರೇಡಿಯೇಟರಿನ ಮೇಲಿನ ಪೈಪನ್ನು ಹಿಂಡಿದಾಗ ಮೆತ್ತಗಿದ್ದು, ಕೈಗೆ ಸುಡದಷ್ಟು ತಣಿದ ಮೇಲಷ್ಟೇ ಮುಚ್ಚಳದ ಯೋಚನೆ. ಹಾಗೆಯೇ ಪಕ್ಕದ ಝರಿಯಿಂದ ಬಾಟಲಿಯಲ್ಲಿ ನೀರು ತಂದು ಕಾದ ಇಂಜಿನ್ ಮೇಲೆ ಸುರಿಯುವುದೂ ಬೇಡ. ಅಲ್ಯೂಮಿನಿಯಂ ಒಂದೇ ಕಡೆ ಥಟ್ಟನೆ ತಣಿದರೆ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಯಾವಾಗ ಕಾಯುತ್ತದೆ? ಮೊದಲು ಇದನ್ನು ಗಮನಿಸಿ

ನಿಧಾನ ಓಡುವಾಗ ಅಥವಾ ನಿಂತಾಗ ಮಾತ್ರ ಕಾಯುತ್ತದೆ, ಬಯಲಿನಲ್ಲಿ ವೇಗ ಹಿಡಿದೊಡನೆ ಇಳಿಯುತ್ತದೆ ಎಂದರೆ ದೋಷ ಗಾಳಿಯ ಕಡೆಗಿದೆ. ಫ್ಯಾನು, ಅದರ ವಯರು, ರೇಡಿಯೇಟರಿನ ಮುಂದೆ ಏನಾದರೂ ಅಡ್ಡ.

ವೇಗದಲ್ಲಿ ಹೋದಷ್ಟೂ ಏರುತ್ತದೆ, ನಿಧಾನಕ್ಕೆ ಹೋದರೆ ಸರಿ ಇರುತ್ತದೆ ಎಂದರೆ ದೋಷ ನೀರಿನ ಹರಿವಿನಲ್ಲಿದೆ. ಒಳಗೆ ಪಾಚಿಯಂತೆ ಕಟ್ಟಿದ ರೇಡಿಯೇಟರ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ಸೋತ ಪಂಪು, ಕಡಿಮೆಯಾದ ಕೂಲಂಟ್.

ಬೆಳಿಗ್ಗೆ ತಣ್ಣಗಿದ್ದ ಬೈಕ್ ಸ್ಟಾರ್ಟ್ ಮಾಡಿ ಐದು–ಹತ್ತು ನಿಮಿಷಕ್ಕೇ ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ.

ಮೂರು ಗೆರೆಯಲ್ಲಿದ್ದದ್ದು ಕಣ್ಣು ಮಿಟುಕಿಸುವುದರಲ್ಲಿ ಆರಕ್ಕೆ ಹಾರಿ ಮತ್ತೆ ಮೂರಕ್ಕೆ ಬಂದರೆ ಅದು ಬಿಸಿಯೇ ಅಲ್ಲ. ನೀರು ಅಷ್ಟು ಬೇಗ ಕಾಯುವುದೂ ಇಲ್ಲ, ತಣಿಯುವುದೂ ಇಲ್ಲ. ಸೆನ್ಸರ್ ಅಥವಾ ಅದರ ಕನೆಕ್ಟರ್ ನೋಡಿ. ಹೊಂಡ ಹಾರಿದಾಗಲೇ ಹೀಗಾಗುತ್ತಿದ್ದರೆ ವಯರೇ ಅಪರಾಧಿ.

ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾಗುವವರೆಗೆ ಏನನ್ನೂ ಬಿಚ್ಚಬೇಡಿ, ಬಿಚ್ಚಿಸಬೇಡಿ.

ಫ್ಯಾನು: ಕರಾವಳಿಯ ಮೊದಲ ಶಂಕಿತ

ನಮ್ಮ ಜಿಲ್ಲೆಯ ಬೈಕುಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಫ್ಯಾನಿನ ಕನೆಕ್ಟರ್ ಎಂದು ನಾನು ಬಲವಾಗಿ ನಂಬುತ್ತೇನೆ. ಕಾರವಾರದ ಬೈತಕೋಲದಲ್ಲೋ ತದಡಿಯಲ್ಲೋ ಕಡಲಿಗೆ ಹತ್ತಿರ ನಿಲ್ಲುವ ಗಾಡಿಗಳಿಗೆ ಉಪ್ಪುಗಾಳಿ ಹಗಲಿರುಳು ಬಡಿಯುತ್ತಿರುತ್ತದೆ. ತಾಮ್ರದ ಪಿನ್ನಿನ ಮೇಲೆ ಹಸಿರು ಬೂಷ್ಟಿನಂತೆ ಕಿಲುಬು ಹಿಡಿಯುತ್ತದೆ. ಫ್ಯಾನು ತಿರುಗುತ್ತದೆ, ಆದರೆ ಪೂರ್ತಿ ಕರೆಂಟು ಸಿಗದೆ ಸೋತು ತಿರುಗುತ್ತದೆ. ನೋಡಿದವರಿಗೆ ‘ಫ್ಯಾನ್ ಓಡ್ತಿದೆಯಲ್ಲ’ ಎನಿಸುತ್ತದೆ, ಅಲ್ಲಿಗೇ ಪರೀಕ್ಷೆ ಮುಗಿದುಹೋಗುತ್ತದೆ. ದೋಷ ವರ್ಷಗಟ್ಟಲೆ ಅಡಗಿ ಕೂರುವುದು ಹೀಗೆಯೇ.

ಪರೀಕ್ಷೆ ಸುಲಭ. ಮನೆಯಂಗಳದಲ್ಲಿ ಬೈಕನ್ನು ನಿಲ್ಲಿಸಿ ಐಡಲ್‌ನಲ್ಲಿ ಓಡಲು ಬಿಡಿ. ಹೆಚ್ಚಿನ ಬೈಕುಗಳಲ್ಲಿ 100 ಡಿಗ್ರಿಯ ಆಸುಪಾಸಿಗೆ ಫ್ಯಾನು ಶುರುವಾಗಬೇಕು, ಕೆಲವು ನಿಮಿಷಗಳಲ್ಲಿ ಬಿಸಿಯನ್ನು ಕೆಳಗಿಳಿಸಿ ತಾನೇ ನಿಲ್ಲಬೇಕು. ಶುರುವಾಗಿಯೂ ಬಿಸಿ ಇಳಿಯದಿದ್ದರೆ ಫ್ಯಾನಿನ ಬಲ ಸಾಲದು ಅಥವಾ ರೇಡಿಯೇಟರ್ ಕಟ್ಟಿಕೊಂಡಿದೆ. ಆಗ ಒಂದು ಹಾಳೆ ಕಾಗದವನ್ನು ರೇಡಿಯೇಟರಿನ ಮುಂಭಾಗಕ್ಕೆ ಹಿಡಿಯಿರಿ. ಸಾಮಾನ್ಯವಾಗಿ ಫ್ಯಾನು ಹಿಂದೆ ಕೂತು ಗಾಳಿಯನ್ನು ಮುಂದಿನಿಂದ ಎಳೆದುಕೊಳ್ಳುತ್ತದೆ, ಕಾಗದ ಅಂಟಿಕೊಳ್ಳಬೇಕು. ಕಾಗದವನ್ನು ಹೊರಗೆ ತಳ್ಳುತ್ತಿದ್ದರೆ ಯಾರೋ ರಿಪೇರಿ ಮಾಡುವಾಗ ಎರಡು ವಯರುಗಳನ್ನು ಅದಲುಬದಲು ಮಾಡಿದ್ದಾರೆ, ಫ್ಯಾನು ಉಲ್ಟಾ ತಿರುಗುತ್ತಿದೆ.

ಶುರುವೇ ಆಗದಿದ್ದರೆ ಮೊದಲು ಫ್ಯೂಸ್, ನಂತರ ಕನೆಕ್ಟರ್, ಆಮೇಲೆ ಫ್ಯಾನಿಗೆ ಕರೆಂಟು ಬಿಡುವ ರಿಲೇ ಸ್ವಿಚ್. ಕನೆಕ್ಟರ್ ಕಳಚಿ ಬ್ಯಾಟರಿಯಿಂದ ಫ್ಯೂಸ್ ಇರುವ ವಯರಿನಲ್ಲಿ ನೇರ 12 ವೋಲ್ಟ್ ಕೊಟ್ಟು ನೋಡಿ. ಆಗ ಜೋರಾಗಿ ತಿರುಗಿದರೆ ಮೋಟಾರಿನದು ತಪ್ಪಿಲ್ಲ, ಕರೆಂಟು ಬರುವ ದಾರಿಯದ್ದು. ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ, ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ ಕೂರಿಸಿದರೆ ಎಷ್ಟೋ ಬೈಕುಗಳ ‘ದೊಡ್ಡ ಕಾಯಿಲೆ’ ಅಲ್ಲಿಗೇ ವಾಸಿ. ಮಳೆಗಾಲ ಮುಗಿದ ಕೂಡಲೇ ಪ್ರತಿ ವರ್ಷ ಇದನ್ನೊಂದು ಮಾಡಿಸಿಕೊಳ್ಳಿ.

ರೇಡಿಯೇಟರಿನ ಮುಖ

ಕೆಂಪು ರಾಡಿ ನಮ್ಮ ಕಡೆಯ ಇನ್ನೊಂದು ಶತ್ರು. ರಸ್ತೆ ಅಗಲ ಮಾಡುವ ಕಾಮಗಾರಿ ನಡೆಯುವಲ್ಲಿ, ಒಳದಾರಿಯ ಅಡಕೆ ತೋಟಗಳ ಹಾದಿಯಲ್ಲಿ ಮುಂದಿನ ಚಕ್ರ ಎರಚಿದ ರಾಡಿ ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಹೊಕ್ಕು ಕೂರುತ್ತದೆ. ಇಂಜಿನ್ ಶಾಖಕ್ಕೆ ಅದು ಅಲ್ಲೇ ಸುಟ್ಟು ಇಟ್ಟಿಗೆಯಾಗುತ್ತದೆ. ಹೊರಗಿನಿಂದ ತೊಳೆದಾಗ ಮುಖ ಹೊಳೆಯುತ್ತದೆ, ಒಳಪದರ ಹಾಗೇ ಉಳಿದಿರುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಬೆಳಕು ಎಷ್ಟು ಭಾಗದಲ್ಲಿ ತೂರಿ ಬರುತ್ತದೆಯೋ ಅಷ್ಟೇ ಭಾಗ ಕೆಲಸ ಮಾಡುತ್ತಿದೆ.

ಇಂಜಿನ್ ಪೂರ್ತಿ ತಣಿದ ಮೇಲೆ ಸಾದಾ ಪೈಪಿನ ನೀರು, ಸ್ವಲ್ಪ ಶಾಂಪೂ ಹಾಕಿ ನೆನೆಸಿ, ಹಿಂದಿನಿಂದ ಮುಂದಕ್ಕೆ ನೀರು ಬಿಡಿ. ಬಂದ ದಾರಿಯಲ್ಲೇ ರಾಡಿ ಹೊರಗೆ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರದಿಂದ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ತೊಳೆಯುವ ಹುಡುಗನಿಗೆ ‘ಅಲ್ಲಿ ಬೇಡ ತಮ್ಮಾ’ ಎಂದು ಮೊದಲೇ ಹೇಳಿ, ಬೇರೆ ಉಪಾಯವಿಲ್ಲ.

ಕಲ್ಲು ಬಡಿಯದಿರಲೆಂದು ಹಾಕಿಸುವ ಜಾಲರಿಗಳ ಬಗ್ಗೆಯೂ ಹೇಳಬೇಕು. ಗಾರ್ಡ್ ಬೇಕು, ನಮ್ಮ ರಸ್ತೆಗಳಲ್ಲಿ ಜಲ್ಲಿ ಹಾರುವುದು ಸುಳ್ಳಲ್ಲ. ಆದರೆ ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಜಾಲರಿ ಗಾಳಿಯನ್ನೂ ತಡೆಯುತ್ತದೆ. ಅದರ ಮೇಲೆ ಎರಡು ದೊಡ್ಡ ಫಾಗ್ ಲ್ಯಾಂಪ್, ಕ್ರ್ಯಾಶ್ ಗಾರ್ಡಿಗೆ ಕಟ್ಟಿದ ಚೀಲ, ಮಳೆಗೆಂದು ಹಾಕಿದ ಪ್ಲಾಸ್ಟಿಕ್ ಹೊದಿಕೆ ಸೇರಿದರೆ ಕಂಪನಿ ಕೊಟ್ಟ ರೇಡಿಯೇಟರಿನ ಅರ್ಧ ಭಾಗ ಮಾತ್ರ ಉಸಿರಾಡುತ್ತಿರುತ್ತದೆ. ಹೊಸ ಪರಿಕರ ಹಾಕಿಸಿದ ಮೇಲೆ ಬಿಸಿ ಶುರುವಾಯಿತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಅದನ್ನು ಕಳಚಿ ಒಮ್ಮೆ ಘಟ್ಟ ಹತ್ತಿ ಬನ್ನಿ, ಖರ್ಚಿಲ್ಲದ ಪರೀಕ್ಷೆ.

ಕೂಲಂಟ್, ಬಾವಿ ನೀರು, ಮುಚ್ಚಳ

ಕೂಲಂಟ್ ಮಟ್ಟವನ್ನು ಬೆಳಿಗ್ಗೆ ತಣ್ಣಗಿರುವಾಗ, ಬೈಕನ್ನು ನೇರವಾಗಿ ನಿಲ್ಲಿಸಿ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ಪಕ್ಕದ ಸಣ್ಣ ಡಬ್ಬಿಯಲ್ಲಿ ಮಟ್ಟ ಎರಡು ಗುರುತುಗಳ ನಡುವೆ ಇದ್ದರೂ ರೇಡಿಯೇಟರ್ ಒಳಗೆ ಖಾಲಿ ಇರಬಹುದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ತಣ್ಣಗಿರುವಾಗ ಮುಚ್ಚಳ ತೆಗೆದು ಕುತ್ತಿಗೆಯವರೆಗೆ ಇದೆಯೇ ಎಂದು ಕಣ್ಣಾರೆ ನೋಡಿ.

ಕಡಿಮೆಯಾಗುತ್ತಿದ್ದರೆ ಎಲ್ಲಿಗೆ ಹೋಗುತ್ತಿದೆ? ಪೈಪಿನ ಕ್ಲ್ಯಾಂಪಿನ ಸುತ್ತ ಬಿಳಿ ಅಥವಾ ಹಸಿರು ಒಣ ಕಲೆ, ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತಿನಿಂದ ಹನಿ, ರೇಡಿಯೇಟರಿನ ಮೂಲೆಯಲ್ಲಿ ಜಲ್ಲಿ ಬಡಿದ ಗುರುತು. ಪಂಪಿನ ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುವವರಿದ್ದಾರೆ. ಒಳಗಿನ ಸೀಲ್ ಹೋಗಿದೆ ಎಂದು ಎಚ್ಚರಿಸಲೆಂದೇ ಆ ತೂತು ಇಟ್ಟಿರುವುದು. ಮುಚ್ಚಿದರೆ ನೀರು ಹೊರಗೆ ಬರುವ ಬದಲು ಇಂಜಿನ್ ಆಯಿಲಿಗೆ ಸೇರುವ ದಾರಿ ಹಿಡಿಯುತ್ತದೆ.

ದಾರಿಯಲ್ಲಿ ಕಡಿಮೆಯಾಯಿತೆಂದು ಕುಡಿಯುವ ನೀರು ಹಾಕಿ ಮನೆ ಸೇರುವುದರಲ್ಲಿ ತಪ್ಪಿಲ್ಲ. ಅದನ್ನೇ ವರ್ಷಗಟ್ಟಲೆ ಬಿಡುವುದು ತಪ್ಪು. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ, ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ತಿಂದ ಪುಡಿ, ಲವಣದ ಪದರ ಎರಡೂ ಸೇರಿ ರೇಡಿಯೇಟರಿನ ಕಿರಿದಾದ ಕೊಳವೆಗಳನ್ನು ಕಟ್ಟುತ್ತವೆ. ‘ವೇಗ ಹೆಚ್ಚಿದಷ್ಟೂ ಬಿಸಿ’ ಎಂಬ ಲಕ್ಷಣದ ಹಿಂದೆ ಬಹಳ ಸಲ ಇದೇ ಇರುತ್ತದೆ. ತಣ್ಣಗಿರುವಾಗ ಬೆರಳು ಅದ್ದಿ ನೋಡಿ, ಕೂಲಂಟ್ ತಿಳಿಯಾಗಿ ಬಣ್ಣದಿಂದ ಕೂಡಿರಬೇಕು. ತುಕ್ಕಿನ ಬಣ್ಣವೋ ಮರಳಿನಂಥ ಪುಡಿಯೋ ಸಿಕ್ಕರೆ ಪೂರ್ತಿ ಖಾಲಿ ಮಾಡಿ ತೊಳೆಯುವುದೇ ದಾರಿ. ಬೆರೆಸಿ ಸಿದ್ಧವಾಗಿ ಬರುವ ಕೂಲಂಟ್ ಸಿಕ್ಕರೆ ಅದನ್ನೇ ಹಾಕಿ. ಸಾಂದ್ರ ಕೂಲಂಟ್ ಆದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಅಂಗಡಿಯಲ್ಲಿ ‘ಬ್ಯಾಟರಿ ನೀರು’ ಎಂದು ಕೇಳುವಾಗ ಎಚ್ಚರ, ಕೆಲವರು ಬ್ಯಾಟರಿ ಆಸಿಡ್ ಬಾಟಲಿ ಕೊಟ್ಟುಬಿಡುತ್ತಾರೆ. ಚೀಟಿ ಓದಿಯೇ ತನ್ನಿ. ಕೂಲಂಟ್ ಸಿಹಿ ರುಚಿಯ ವಿಷ, ತೆಗೆದದ್ದನ್ನು ದನ, ನಾಯಿ ಮುಟ್ಟುವಲ್ಲಿ ಚೆಲ್ಲಬೇಡಿ, ತೋಟದ ಕಾಲುವೆಗೆ ಬಿಡಲೇಬೇಡಿ.

ಹೊಸ ಕೂಲಂಟ್ ಹಾಕಿಸಿದ ಮಾರನೇ ದಿನವೇ ಬಿಸಿ ಹೆಚ್ಚಾಯಿತೇ? ಒಳಗೆ ಗಾಳಿ ಉಳಿದಿದೆ. ಗಾಳಿ ಬಿಡುವ ಬೋಲ್ಟ್ ಇರುವ ಬೈಕಿನಲ್ಲಿ ಅದನ್ನು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ತುಂಬಬೇಕು. ಗಡಿಬಿಡಿಯಲ್ಲಿ ಇದನ್ನು ಬಿಡುವುದೇ ಹೆಚ್ಚು.

ಮುಚ್ಚಳ ಅಗ್ಗದ ವಸ್ತು, ಹಾಗಾಗಿಯೇ ಯಾರೂ ನೋಡುವುದಿಲ್ಲ. ಅದರ ರಬ್ಬರ್ ಬಿರಿದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಪಕ್ಕದ ಡಬ್ಬಿ ತುಂಬಿ ಹೊರಚೆಲ್ಲುತ್ತದೆ. ತಣಿದ ಮೇಲೆ ಡಬ್ಬಿಯ ನೀರು ಹಿಂದಕ್ಕೆ ಎಳೆದುಕೊಳ್ಳದೆ ಅಲ್ಲೇ ಉಳಿದು ರೇಡಿಯೇಟರಿನ ಪೈಪು ಚಪ್ಪಟೆಯಾಗಿದ್ದರೆ ಮುಚ್ಚಳದ ಒಳಕವಾಟ ಅಂಟಿಕೊಂಡಿದೆ. ಥರ್ಮೋಸ್ಟಾಟ್ ಮುಟ್ಟುವ ಮೊದಲು ಅದೇ ಒತ್ತಡದ ಹೊಸ ಮುಚ್ಚಳ ಹಾಕಿ ನೋಡಿ.

ಥರ್ಮೋಸ್ಟಾಟ್ ಮತ್ತು ಗ್ಯಾಸ್ಕೆಟ್

ಥರ್ಮೋಸ್ಟಾಟ್ ಪರೀಕ್ಷೆಗೆ ಅಡುಗೆಮನೆ ಸಾಕು. ಬಿಚ್ಚಿ ತಂದು ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಸಾಮಾನ್ಯವಾಗಿ 80 ಡಿಗ್ರಿ ಹತ್ತಿರ ತೆರೆಯಲು ಶುರುವಾಗಬೇಕು, ನೀರು ಕುದಿಯುವ ಮೊದಲು ಪೂರ್ತಿ ತೆರೆದಿರಬೇಕು. ಬೈಕಿನಲ್ಲೇ ಅಂದಾಜು ಮಾಡುವುದಾದರೆ, ಇಂಜಿನ್ ಕಡೆಯ ಪೈಪು ಸುಡುತ್ತಿದ್ದು ರೇಡಿಯೇಟರ್ ಮಾತ್ರ ಇನ್ನೂ ತಣ್ಣಗಿದ್ದರೆ ಅದು ಮುಚ್ಚಿಯೇ ಇದೆ. ‘ನಮ್ಮೂರಿಗೆ ಇದು ಬೇಡ’ ಎಂದು ಕಿತ್ತೆಸೆಯುವ ಸಲಹೆ ಕೇಳಬೇಡಿ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಇಂಜಿನ್ ಬೇಕಾದಷ್ಟು ಬಿಸಿಗೆ ಬರದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ಗ್ಯಾಸ್ಕೆಟ್ ಹೋಗಿರುವ ಲಕ್ಷಣಗಳು ಬೇರೆಯೇ. ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುವುದು, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಪೈಪು ಕಲ್ಲಿನಂತೆ ಗಟ್ಟಿಯಾಗುವುದು, ಡಬ್ಬಿಯಲ್ಲಿ ನಿಲ್ಲದ ಗುಳ್ಳೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಪಿಕಪ್‌ನಲ್ಲಿ ಹಾಕಿಸಿ.

ತಣಿಸುವ ವ್ಯವಸ್ಥೆಯದ್ದಲ್ಲದ ತಪ್ಪು

ಎಲ್ಲ ಸರಿ ಇದ್ದೂ ಕಾಯುತ್ತಿದ್ದರೆ ಇಂಜಿನ್ ಯಾವುದರ ವಿರುದ್ಧ ದುಡಿಯುತ್ತಿದೆ ಎಂದು ನೋಡಿ. ಉಪ್ಪುಗಾಳಿಗೆ, ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಕ್ಯಾಲಿಪರಿನ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಸದಾ ಅರ್ಧ ಬ್ರೇಕ್ ಹಿಡಿದಂತೆ ಓಡುವುದು ಕರಾವಳಿಯ ಸಾಮಾನ್ಯ ರೋಗ. ಬ್ರೇಕ್ ಮುಟ್ಟದೆ ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಡಿಸ್ಕಿನ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಶಾಖ ಮುಖಕ್ಕೆ ಹೊಡೆದರೆ ಉತ್ತರ ಸಿಕ್ಕಿತು. ಬಿಗಿ ಚೈನು, ಗಾಳಿ ಕಡಿಮೆಯಾದ ಟೈರು, ಕಡಿಮೆಯಾದ ಇಂಜಿನ್ ಆಯಿಲ್ ಇವೂ ಇದೇ ಗುಂಪಿನವು.

ಹಾಫ್ ಕ್ಲಚ್ ಇನ್ನೂ ದೊಡ್ಡ ಕಾರಣ. ಹೆಚ್ಚಿನ ಬೈಕುಗಳ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಏರಿನಲ್ಲಿ ಲಾರಿಯ ಹಿಂದೆ ಕ್ಲಚ್ ಅರ್ಧ ಹಿಡಿದು ತೆವಳಿಸಿದರೆ ಅದರ ಉಜ್ಜಾಟದ ಶಾಖವೆಲ್ಲ ಆಯಿಲಿಗೆ, ಅಲ್ಲಿಂದ ಇಂಜಿನ್‌ಗೆ. ಒಂದು ಗೇರ್ ಕಡಿಮೆ ಮಾಡಿ, ಕ್ಲಚ್ ಪೂರ್ತಿ ಬಿಟ್ಟು, ಸಾಲದಿದ್ದರೆ ನಿಂತು ಲಾರಿಗೆ ನಾಲ್ಕು ತಿರುವು ಮುಂದೆ ಹೋಗಲು ಬಿಡಿ. ಮೇಲಿನ ಗೇರಿನಲ್ಲಿ ಗುಡುಗುಡು ಎನ್ನುತ್ತಾ ಎಳೆಸುವುದೂ ಬೇಡ. ಗೇರುಸೊಪ್ಪದಿಂದ ಮಾವಿನಗುಂಡಿಗೆ ಹತ್ತುವಾಗಲೂ, ಕದ್ರಾದಿಂದ ಅಣಶಿಗೆ ಹತ್ತುವಾಗಲೂ ಇಷ್ಟನ್ನು ಪಾಲಿಸಿದರೆ ದೋಷವಿಲ್ಲದ ಬೈಕ್ ಕಾಯುವುದಿಲ್ಲ.

ರೇಡಿಯೇಟರ್ ಇಲ್ಲದ ಬೈಕುಗಳಿಗೆ ಗಾಳಿಯ ಜೊತೆಗೆ ಆಯಿಲೇ ಕೂಲಂಟ್. ಮಟ್ಟ, ಕಂಪನಿ ಹೇಳಿದ ದರ್ಜೆ, ಸಿಲಿಂಡರ್ ರೆಕ್ಕೆಗಳ ನಡುವಿನ ರಾಡಿ ಈ ಮೂರನ್ನು ನೋಡಿದರೆ ಹೆಚ್ಚಿನದ್ದು ಮುಗಿಯಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಬಿಸಿಯ ಕೆಂಪು ದೀಪವಿಲ್ಲ. ಏರಿನಲ್ಲಿ ಎಳೆತ ಕುಗ್ಗುವುದು, ಆಕ್ಸಿಲರೇಟರ್ ತಿರುಗಿಸಿದಾಗ ಒಳಗಿನಿಂದ ಕಟಕಟ ಸದ್ದು, ಗೇರ್ ಗಡುಸಾಗುವುದು ಇವೇ ಅದರ ದೀಪ. ಆಗ ನಿಲ್ಲಿ.

ಇಳಿಯುವಾಗ

ಇಳಿಜಾರಿನಲ್ಲಿ ಇಂಜಿನ್ ತಣಿಯುತ್ತದೆ, ಬ್ರೇಕ್ ಕಾಯುತ್ತದೆ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವರು ಈಗಲೂ ಇದ್ದಾರೆ. ಏರಿ ಬಂದ ಕಾದ ಇಂಜಿನ್‌ನಲ್ಲಿ ಪಂಪು ನಿಲ್ಲುತ್ತದೆ, ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್ ತನಕ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ. ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ತಿರುವಿಗೆ ಮೊದಲು ಹಿಡಿದು ಬಿಡಿ, ಉದ್ದಕ್ಕೂ ಹಿಡಿದೇ ಇರಬೇಡಿ.

ರಿಪೇರಿ ಆದ ಮೇಲೆ

ಗ್ಯಾರೇಜಿನಿಂದ ಬಿಡಿಸಿಕೊಂಡು ನೇರ ಘಟ್ಟಕ್ಕೆ ಹೋಗಬೇಡಿ. ಮೊದಲು ಅಂಗಳದಲ್ಲಿ ಐಡಲ್ ಪರೀಕ್ಷೆ, ಫ್ಯಾನು ಎರಡು ಸಲ ಶುರುವಾಗಿ ಎರಡು ಸಲ ನಿಲ್ಲುವವರೆಗೆ. ನಂತರ ಬಯಲಿನಲ್ಲಿ ಒಬ್ಬರೇ ಸ್ವಲ್ಪ ದೂರ. ಆಮೇಲೆ ಬೆಳಗಿನ ತಂಪಿನಲ್ಲಿ, ಲಾರಿ ಕಡಿಮೆ ಇರುವಾಗ ಚೀಲವಿಲ್ಲದೆ ಘಟ್ಟ. ಕೊನೆಗೆ ಮಧ್ಯಾಹ್ನ, ಪೂರ್ತಿ ಭಾರದೊಂದಿಗೆ. ಪ್ರತಿ ಹಂತದಲ್ಲೂ ಎಲ್ಲಿ ಎಷ್ಟು ಗೆರೆ ಇತ್ತು ಎಂದು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮತ್ತೆ ಬಿಸಿಯಾದರೆ ಆ ಟಿಪ್ಪಣಿಯನ್ನೇ ಮೆಕ್ಯಾನಿಕ್‌ಗೆ ತೋರಿಸಿ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟ ನೋಡಿ. ಇಳಿದಿದ್ದರೆ ಒಮ್ಮೆ ತುಂಬಿ, ಉಳಿದ ಗಾಳಿ ಹೊರಬಂದಿರಬಹುದು. ಎರಡನೇ ಸಲವೂ ಇಳಿದರೆ ಎಲ್ಲೋ ಸೋರುತ್ತಿದೆ, ಕ್ಲ್ಯಾಂಪುಗಳಿಂದ ಹುಡುಕಾಟ ಮತ್ತೆ ಶುರು ಮಾಡಿ.